ಮೊದಲ ಪಟ್ಟಿ

ಕಳೆದ ತಿಂಗಳು ಯಳಂದೂರಿನ ಅಂಗಡಿಯೊಂದರಲ್ಲಿ ಮಗಳ ಪಿಯುಸಿ ಅಂಕಪಟ್ಟಿಯನ್ನು ಜೆರಾಕ್ಸ್ ಮಾಡಿಸಿದೆ. ಯಂತ್ರದಿಂದ ಬಂದ ಹಾಳೆ ಇನ್ನೂ ಬಿಸಿಯಾಗಿತ್ತು. ಇಸ್ತ್ರಿ ಮಾಡಿದ ಬಟ್ಟೆಗೆ ತುಸು ಮಸಿ ಸೋಕಿದಂಥ ಆ ವಾಸನೆ... ಒಟ್ಟು ಅಂಕ ಇದ್ದ ಜಾಗದ ಮೇಲೆ ನನ್ನ ಹೆಬ್ಬೆರಳು ತಾನಾಗಿಯೇ ಹೋಗಿ ಕೂತಿತು, ಹಿಂದೆ ನಿಂತವರಿಗೆ ಕಾಣದಿರಲಿ ಎಂದು. ಹಾಗೆ ಮುಚ್ಚುವುದನ್ನು ನಾನು ನೋಡಿದ್ದು ಕೊಳ್ಳೇಗಾಲದ ಜೆರಾಕ್ಸ್ ಅಂಗಡಿಯವರಲ್ಲಿ.

ನಮ್ಮ ಕಾನ್ವೆಂಟಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಅಪ್ಪನ ವಯಸ್ಸಿನವರಾದರೂ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದೆವು. ಫಲಿತಾಂಶ ಬಂದ ವಾರ ಹನೂರು, ಕೌದಳ್ಳಿ ಕಡೆಯ ಬಸ್ಸಿಳಿದವರು ಸೀದಾ ಅಲ್ಲಿಗೇ ಬರುವರು. ಜೆರಾಕ್ಸ್ ನೆಪಕ್ಕೆ, ಬೇಕಾಗಿದ್ದು ಅವರ ಮಾತು. ಪ್ರತಿವರ್ಷ ಮೈಸೂರಿನ ಕಾಲೇಜುಗಳು ಆಯ್ಕೆಪಟ್ಟಿ ಹಾಕುವ ದಿನ ಅವರು ಅಂಗಡಿಗೆ ಬೀಗ ಹಾಕಿ, ಮೊದಲ ಬಸ್ಸಿಗೇ ಹೋಗಿ, ನೋಟಿಸ್ ಬೋರ್ಡಿನ ಮುಂದೆ ನಿಂತು, ಪ್ರತಿ ಪಟ್ಟಿಯ ಕೊನೆಯ ಹೆಸರಿಗೆ ಎಷ್ಟು ಅಂಕವಿದೆ ಎಂದು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದರು. ಯಾರ ಅಂಕಪಟ್ಟಿ ಬಂದರೂ ಆ ನೋಟ್‌ಬುಕ್ಕಿಗೆ ತಾಳೆ ನೋಡಿ, ಸೀಟು ಸಿಗುವ ಕಾಲೇಜಿನ ಹೆಸರನ್ನು ಜೆರಾಕ್ಸ್ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದು ಕೊಡುವರು. ಅರ್ಜಿ ಹಾಕುವಾಗ ಅಳಿಸಿಕೊಳ್ಳಬಹುದಲ್ಲ.

"ಇಂಗ್ಲೀಸ್ನಲ್ಲಿ ಮೂವತ್ತೈದಾ? ಇದು ನೀ ತಗದಿದ್ದಲ್ಲ ಕಣ್ಲಾ, ಅವ್ರು ಕೊಟ್ಟಿದ್ದು," ಎಂದು ಕೌದಳ್ಳಿಯವನೊಬ್ಬನನ್ನು ಅವರು ಛೇಡಿಸಿದ್ದು ನೆನಪಿದೆ. ಆದರೆ ಹಾಗೆನ್ನುವಾಗಲೂ ಅಂಗೈ ಅವನ ಒಟ್ಟು ಅಂಕದ ಮೇಲೇ ಇತ್ತು.

ಪಿಯುಸಿಯಲ್ಲಿ ನನಗೆ ಬಂದಿದ್ದು ನಲವತ್ತೆಂಟು ಪರ್ಸೆಂಟ್. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಬೇಕೆಂಬ ಆಸೆ. "ಸೀಟು ಸಿಗೋ ಹಾಗಿದ್ರೆ ಹಾಕು, ಸುಮ್ಮನೆ ಹಾಕಿ ನಗೆಪಾಟಲಾಗೋದು ಬೇಡ. ಅಂಗಡಿಯವರನ್ನ ಕೇಳ್ಕೊಂಡು ಬಾ," ಎಂದಿದ್ದರು ಅಪ್ಪ. ಅಣ್ಣ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. ಎರಡು ಸಲ ನೋಡಿದರು. "ಹೋದೊರ್ಸ ಐವತ್ನಾಲ್ಕಕ್ಕೇ ನಿಂತದೆ ಕಣವ್ವ. ನಿಂಗೆ ಸಿಕ್ಕದಿಲ್ಲ," ಎಂದು ಮೆಲ್ಲಗೆ ಹೇಳಿ, ಮೂಲೆಯಲ್ಲಿ 'ಇಲ್ಲೇ' ಎಂದು ಬರೆದರು. ಇಲ್ಲೇ ಎಂದರೆ ಊರಿನ ಕಾಲೇಜು. ನಾನು ಮೈಸೂರಿಗೆ ಅರ್ಜಿ ಹಾಕಲಿಲ್ಲ. ಊರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಇರಲಿಲ್ಲ, ಬಿ.ಎ. ಸೇರಿದೆ.

ಮಳೆಗಾಲ ಮುಗಿಯುತ್ತಿದ್ದಾಗ ಹನೂರಿನ ಗೆಳತಿ ಮನೆಗೆ ಬಂದಳು. ಅವಳಿಗೆ ನಲವತ್ತೇಳು, ನನಗಿಂತ ಒಂದು ಕಡಿಮೆ. ಅಣ್ಣನನ್ನು ಕೇಳಲು ನಾಚಿಕೊಂಡು, ಯಾರಿಗೂ ಹೇಳದೆ ಅದೇ ಕಾಲೇಜಿಗೆ ಅರ್ಜಿ ಹಾಕಿದ್ದಳಂತೆ. ಮೂರನೇ ಪಟ್ಟಿಯಲ್ಲಿ ಹೆಸರು ಬಂದಿತ್ತು.

"ಲೇ, ನೀನ್ಯಾಕೆ ಆಕ್ನಿಲ್ಲ?" ಎಂದಳು. ನಾನು ಅವಳ ಹೊಸ ಚಪ್ಪಲಿಯ ಬಕ್ಕಲ್ಲನ್ನೇ ನೋಡುತ್ತಾ ಕೂತಿದ್ದೆ...

ಹಾಸ್ಟೆಲಿನ ಕಾಗದ ಜೆರಾಕ್ಸ್ ಮಾಡಿಸಲು ಅವಳು ಅಣ್ಣನ ಅಂಗಡಿಗೂ ಹೋಗಿ, ಮೂರನೇ ಪಟ್ಟಿಯ ವಿಷಯ ಹೇಳಿದ್ದಳು. ಆ ಭಾನುವಾರ ಅವರು ನಮ್ಮ ಮನೆಗೆ ಬಂದರು. ನಾನು ಒಳಗಿನ ಕೋಣೆಯ ಬಾಗಿಲ ಹಿಂದೆ ನಿಂತೆ. ಸಂದಿಯಲ್ಲಿ ಅವರ ಕೈ ಮಾತ್ರ ಕಾಣುತ್ತಿತ್ತು. ಉಗುರಿನ ಸುತ್ತ ಜೆರಾಕ್ಸ್ ಯಂತ್ರದ ಕಪ್ಪು ಪುಡಿ.

"ನಾ ಮೊದ್ಲ್ನೇ ಪಟ್ಟಿ ನೋಡ್ಕಂಡು ಬಂದ್ಬುಡ್ತಿದ್ದಿ ಸಾ. ಆಮೇಕೆ ಇನ್ನೆರಡು ಪಟ್ಟಿ ಆಕ್ತಾರೆ ಅನ್ನದು ನಂಗೆ ಗೊತ್ತೇ ಇರ್ನಿಲ್ಲ. ಕಾಲೇಜು ಮೆಟ್ಲು ಅತ್ತಿದೋನಲ್ಲ ನಾನು..."

ಅಪ್ಪ ಕುರ್ಚಿ ಸರಿಸಿಕೊಟ್ಟ ಸದ್ದಾಯಿತು. ಅಣ್ಣ ಕೇಳಿದರು, "ಮಗು ಒಳ್ಗದಾ ಸಾ?"

ಒಳಗಿದ್ದೆ. ಬಾಗಿಲಿನಾಚೆ ಅವರು ಬಂದು ನಿಂತದ್ದೂ ಗೊತ್ತಾಯಿತು. "ಅವ್ವಾ," ಎಂದು ಒಂದೇ ಸಲ ಕರೆದರು. ದೊಡ್ಡವರು ಮಾತಾಡಿಸಿದರೆ ಎದ್ದು ನಿಂತು ಉತ್ತರ ಕೊಡಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರು. ನಾನು ನಿಂತೇ ಇದ್ದೆ. ಉತ್ತರ ಮಾತ್ರ ಕೊಡಲಿಲ್ಲ. ಅಮ್ಮ ತಂದಿಟ್ಟ ಕಾಫಿ ಕುಡಿಯದೆ ಅವರು ಹೊರಟುಹೋದರು.

ಮುಂದಿನ ವರ್ಷ ಆ ನೋಟ್‌ಬುಕ್ ಅಂಗಡಿಯಲ್ಲಿ ಇರಲಿಲ್ಲವಂತೆ. ಯಾರು ಕೇಳಿದರೂ "ಆಕ್ಬುಡಿ, ಎಲ್ಲಾ ಕಡೀಕೂ ಆಕ್ಬುಡಿ" ಎಂದು ಯಂತ್ರದ ಕಡೆ ತಿರುಗಿಬಿಡುತ್ತಿದ್ದರಂತೆ. ನಾನು ರಸ್ತೆಯ ಆಚೆ ಬದಿಯಿಂದಲೇ ಓಡಾಡುತ್ತಿದ್ದೆ. ಎರಡನೇ ವರ್ಷ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಯಾರದೋ ಮದುವೆ ಊಟದ ಪಂಕ್ತಿಯಲ್ಲಿ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

"ಐವತ್ತೊಂದಕ್ಕೆ ಸಿಗುತ್ತಾ ಅಮ್ಮಾ?" ಎಂದಿದ್ದಳು ಮಗಳು, ಕಳೆದ ತಿಂಗಳು ಮೊಬೈಲಿನಲ್ಲಿ ಅರ್ಜಿ ತುಂಬುತ್ತಾ. ಅವಳಿಗೂ ಮೈಸೂರೇ ಬೇಕು. ಅವಳ ಟೀಚರು ಕಷ್ಟ ಎಂದಿದ್ದರು. ನಾನೇ ಹೇಳಿದೆ, "ಹಾಕು. ಮೊದಲ ಪಟ್ಟಿ ನೋಡಿ ಬೇಜಾರಾಗಬೇಡ. ಮೂರನೆಯದರಲ್ಲಿ ಬಂದೇ ಬರುತ್ತೆ." ಅವಳು ನಂಬಿದಳು. ಬೇರೆ ಎಲ್ಲಿಗೂ ಹಾಕಲಿಲ್ಲ. ನಾನೂ ಹಾಕಿಸಲಿಲ್ಲ.

ನಿನ್ನೆ ಮಧ್ಯಾಹ್ನ ಮೂರನೇ ಪಟ್ಟಿ ಬಂತು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿದೆವು. ಅವಳು ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕಿದ ಸದ್ದಾಗಲಿಲ್ಲ. ತಳ್ಳಿದ್ದರೆ ತೆರೆಯುತ್ತಿತ್ತೇನೋ...

ತಟ್ಟೆಯಲ್ಲಿ ಉಪ್ಪಿಟ್ಟು ಹಿಡಿದು ಹೊರಗೆ ನಿಂತಿದ್ದೆ. "ಪುಟ್ಟಾ," ಎಂದೆ. ಬಾಗಿಲ ಆಚೆ ಅವಳು ನಿಂತೇ ಇದ್ದಾಳೆಂದು ನನಗೆ ಗೊತ್ತಿತ್ತು. ಉಸಿರಾಟ ಕೇಳುತ್ತಿತ್ತು.