ಚಿತ್ರದ ಮೇಲೊಂದು ಕೆಂಪು ಬೊಟ್ಟು

ಗಿರಿಜಾ ಟೀಚರ್ ಮನೆಯಲ್ಲಿ ಸಂಗೀತಪಾಠ ಶುರುವಾಗುತ್ತಿದ್ದುದು ಸರಿಗಮದಿಂದಲ್ಲ, ಗೋಡೆಯ ಮೇಲಿನ ಚಿತ್ರದಿಂದ. ಭದ್ರಾವತಿಯ ಓಲ್ಡ್ ಟೌನಿನ ಆ ಒಂದೇ ಕೋಣೆಯ ಮನೆಯಲ್ಲಿ, ಹಾರ್ಮೋನಿಯಂ ಮುಂದೆ ಕೂತು, ಕಾಣದ ಕಣ್ಣುಗಳನ್ನು ಗೋಡೆಯತ್ತ ತಿರುಗಿಸಿ, "ಏನಿದೆ ಹೇಳು" ಎನ್ನುತ್ತಿದ್ದರು. ಮೊದಲ ದಿನ ನಾನು, "ತುಂಬಾ ಚೆನ್ನಾಗಿದೆ ಟೀಚರ್" ಎಂದೆ.

"ಚೆನ್ನಾಗಿದೆ ಅಂತ ಎಲ್ರೂ ಹೇಳ್ತಾರೆ ಮಾರಾಯ್ತಿ. ಏನಿದೆ ಅಂತ ಹೇಳು."

ಇಂಗ್ಲೆಂಡಿನ ಯಾವುದೋ ಹಳೆಯ ಚಿತ್ರದ ಅಚ್ಚು ಅದು. ಪರಿಚಯದ ಡ್ರಾಯಿಂಗ್ ಮೇಷ್ಟ್ರೊಬ್ಬರು ಊರು ಬಿಡುವಾಗ ಕೊಟ್ಟಿದ್ದರಂತೆ. ಮಳೆ ನಿಂತ ಹಸಿರು ಬಯಲು. ದಾರಿ ಬದಿಯಲ್ಲಿ ಹರಕು ಬಟ್ಟೆಯ ಅಕ್ಕ ತಂಗಿ. ಅಕ್ಕನಿಗೆ ಕಣ್ಣಿಲ್ಲ, ಮಡಿಲಲ್ಲಿ ಪುಟ್ಟ ಹಾರ್ಮೋನಿಯಂನಂಥ ವಾದ್ಯ, ಹೊದ್ದ ಶಾಲಿನ ಮೇಲೊಂದು ಚಿಟ್ಟೆ. ಹಿಂದೆ ಕಪ್ಪು ಮೋಡದಲ್ಲಿ ಎರಡು ಕಾಮನಬಿಲ್ಲು. ತಂಗಿ ಅಕ್ಕನಿಗೆ ಒತ್ತಿಕೊಂಡು, ಕತ್ತು ತಿರುಗಿಸಿ ಅದನ್ನೇ ನೋಡುತ್ತಿದ್ದಾಳೆ.

"ಕೆಂಪು ಎಲ್ಲಿದೆ?" ಎಂದು ಟೀಚರ್ ಪ್ರತಿ ಸಲ ಕೇಳುತ್ತಿದ್ದರು. ಚಿಕ್ಕಂದಿನಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡ ಅವರಿಗೆ ನೆನಪಿದ್ದದ್ದು ಅದೊಂದೇ ಬಣ್ಣ. ಸಂಜೆ ಕಾರ್ಖಾನೆಯ ಕುಲುಮೆಯಿಂದ ಕೆಂಪಾಗುತ್ತಿದ್ದ ಆಕಾಶದ ಬಣ್ಣ. ಎರಡು ಬಿಲ್ಲುಗಳ ಕೆಂಪೂ ಎದುರುಬದುರು ಇವೆ ಎಂದರೆ ಅವರ ಮುಖ ಅರಳುತ್ತಿತ್ತು.

ಚಿತ್ರದ ಅಕ್ಕನ ಕೊರಳಲ್ಲಿ ಒಂದು ಪುಟ್ಟ ಚೀಟಿಯೂ ನೇತಾಡುತ್ತಿತ್ತು. ಅದರ ಇಂಗ್ಲಿಷ್ ಓದುವಷ್ಟು ದೊಡ್ಡವಳಾದಾಗ ಹೇಳಿದೆ: "ಕುರುಡರಿಗೆ ಕರುಣೆ ತೋರಿ ಅಂತ ಬರ್ದಿದೆ ಟೀಚರ್." ಅವರ ಕೈ ತಮ್ಮ ಕೊರಳಿಗೇ ಹೋಯಿತು.

ಹುಡುಗಿಯಾಗಿದ್ದಾಗ ಅವರ ಅಪ್ಪನೂ ಅವರ ಕೊರಳಿಗೆ ಒಂದು ರಟ್ಟು ಕಟ್ಟಿ, ತಂಗಿ ನಾಗುವಿನ ಜೊತೆ ಶಿವಮೊಗ್ಗದ ರೈಲಿನಲ್ಲಿ ಹಾಡಲು ಕಳಿಸುತ್ತಿದ್ದರಂತೆ. ಕಿಟಕಿಯಾಚೆ ಕಂಡಿದ್ದನ್ನೆಲ್ಲ ನಾಗು ಹೇಳುತ್ತಿದ್ದಳು. ಕಾಮಾಲೆಯಾಗಿ ಅವಳು ತೀರಿಕೊಂಡ ಮೇಲೆ ಹಾರ್ಮೋನಿಯಂ ಮೇಷ್ಟ್ರೊಬ್ಬರು ಟೀಚರನ್ನು ಮನೆಯಲ್ಲಿಟ್ಟುಕೊಂಡು ಸಂಗೀತ ಕಲಿಸಿದ್ದರು.

"ರಟ್ಟು ಓದಿದೋರು ಯಾರೂ ಹಾಡು ಕೇಳ್ತಿರ್ಲಿಲ್ಲ ಕಣೇ. ಕಾಸು ಹಾಕಿ ಮುಖ ತಿರುಗಿಸ್ಕೊಳ್ತಿದ್ರು. ಕೇಳ್ತಿದ್ದೋಳು ನಾಗು ಒಬ್ಳೇ."

ಅದಾದ ಸ್ವಲ್ಪ ದಿನಕ್ಕೆ ಶಿವಮೊಗ್ಗದಲ್ಲೊಂದು ಕಾರ್ಯಕ್ರಮ. ನಾನೇ ಕೈ ಹಿಡಿದು ಕರೆದುಕೊಂಡು ಹೋಗಿದ್ದೆ. ನಿರೂಪಕ ಗದ್ಗದಿತನಾಗಿ, "ಕಣ್ಣಿಲ್ಲದ ಈ ತಾಯಿಗೆ ಜೋರಾದ ಚಪ್ಪಾಳೆ" ಎಂದ. ಚಪ್ಪಾಳೆ ಮುಗಿದ ಮೇಲೆ ಟೀಚರ್ ಮೈಕಿನಲ್ಲಿ ಹೇಳಿದರು: "ಇದು ಲೆಕ್ಕಕ್ಕಿಲ್ಲ. ನಾನಿನ್ನೂ ಹಾಡೇ ಇಲ್ವಲ್ಲ. ಹಾಡಿದ್ಮೇಲೆ ಬೇಕನ್ಸಿದ್ರೆ ಹೊಡೀರಿ."

ಅವತ್ತಿನಷ್ಟು ಚೆನ್ನಾಗಿ ಅವರು ಹಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಹಾಡು ಮುಗಿದ ಮೇಲೆ ಸಭೆ ಚಪ್ಪಾಳೆ ಹೊಡೆಯುವುದನ್ನೇ ಒಂದು ಗಳಿಗೆ ಮರೆತಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದರು: "ನಿನ್ ಹತ್ರ ಸ್ಟಿಕ್ಕರ್ ಬೊಟ್ಟು ಇದೆಯಾ? ಆ ಹುಡುಗಿ ಚೀಟಿ ಮೇಲೆ ಅಂಟ್ಸು. ಅವಳೂ ಹಾಡ್ಲಿ." ಮನೆಗೆ ಬಂದು ಚಿತ್ರದ ಗಾಜಿನ ಮೇಲೆ ದೊಡ್ಡದೊಂದು ಕೆಂಪು ಬೊಟ್ಟು ಅಂಟಿಸಿದೆ. ಚೀಟಿ ಮುಚ್ಚಿಹೋಯಿತು.

ಮದುವೆಯಾಗಿ ಶಿವಮೊಗ್ಗದ ಸವಳಂಗ ರಸ್ತೆಯ ಮನೆಗೆ ಬಂದ ಮೇಲೆ ಭದ್ರಾವತಿಗೆ ಹೋಗುವುದು ಕಡಿಮೆಯಾಯಿತು. ಕೊನೆಯ ಸಲ ಹೋದಾಗ ಟೀಚರ್ ಹಾಸಿಗೆ ಹಿಡಿದಿದ್ದರು, ದನಿ ಇಳಿದಿತ್ತು.

"ಚಿತ್ರ ನೀನು ತಗೊಂಡ್ ಹೋಗು. ಬೊಟ್ಟು ಇದೆ ತಾನೆ?"

ಇರಲಿಲ್ಲ. ಗೋಂದು ಒಣಗಿ ಯಾವಾಗಲೋ ಬಿದ್ದುಹೋಗಿತ್ತು, ಚೀಟಿ ಎದ್ದು ಕಾಣುತ್ತಿತ್ತು. ನನ್ನ ಹಣೆಯ ಬೊಟ್ಟು ತೆಗೆದು ಅಂಟಿಸಿ, "ಇದೆ ಟೀಚರ್" ಎಂದೆ.

"ಕೆಂಪಾ?"

"ಕೆಂಪೇ."

"ಹಂಗಾದ್ರೆ ಏನಿದೆ ಹೇಳು."

ಬಯಲಿನಿಂದ ಶುರುಮಾಡಿ ಚಿಟ್ಟೆ, ಮೋಡ, ಎರಡು ಬಿಲ್ಲು, ಎದುರುಬದುರಾದ ಎರಡು ಕೆಂಪು, ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ, "ಹ್ಞೂಂ ನಾಗು" ಎಂದರು. ನಾನು ತಿದ್ದಲಿಲ್ಲ.

ಈಗ ಚಿತ್ರ ನಮ್ಮ ಮನೆಯ ಹಾಲ್‌ನ ಗೋಡೆಯ ಮೇಲಿದೆ. ಬೊಟ್ಟು ಬಿದ್ದಾಗಲೆಲ್ಲ ಬೇರೆಯದು ಅಂಟಿಸುತ್ತೇನೆ. ಮನೆಗೆ ಬಂದವರು ಚೆನ್ನಾಗಿದೆ ಎಂದು ಹೇಳಿ ಸೋಫಾದಲ್ಲಿ ಕೂರುತ್ತಾರೆ. ಏನಿದೆ ಎಂದು ಕೇಳುವವರು ಯಾರೂ ಇಲ್ಲ.