ಹೊಟ್ಟೆ ಉರಿಸಲು ಕೊಂಡ ಕಾರು

ಆ ಕಾರನ್ನು ನಾನು ಕೊಂಡದ್ದು ಓಡಾಡುವುದಕ್ಕಲ್ಲ, ಒಬ್ಬನ ಹೊಟ್ಟೆ ಉರಿಸುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಓದಿದ ಮೇಲೆ, ಹೆಂಗಸಿಗೆ ಇಷ್ಟೊಂದು ಹಟವೇ ಎಂದು ಯಾರೂ ಮೂಗು ಮುರಿಯುವುದು ಬೇಡ. ಹೌದು, ಹಟವೇ. ಈಗಲೂ ಇದೆ.

ಆ ಒಬ್ಬ ನನ್ನ ಸೋದರಮಾವನ ಮಗ. ನಾನು ಬಾವ ಎಂದು ಕರೆಯುತ್ತಿದ್ದೆ. ನಮ್ಮ ಕಡೆ ಸೋದರಮಾವನ ಮನೆಯಲ್ಲಿ ಗಂಡಿದ್ದು ಈ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಯಾರೂ ಕೂತು ಮಾತುಕತೆ ಆಡಬೇಕಾಗಿರಲಿಲ್ಲ, ಇವಳು ಅವನಿಗೆ ಎಂದು ತೊಟ್ಟಿಲಲ್ಲೇ ತೀರ್ಮಾನವಾಗುತ್ತಿತ್ತು. ನನಗೂ ಹಾಗೇ ಆಗಿತ್ತು. ನಾವು ಹರವೆಯವರು. ಅವರದು ತೆರಕಣಾಂಬಿ ದಾಟಿದ ಮೇಲೆ ಗುಂಡ್ಲುಪೇಟೆ ಕಡೆ ಸಿಗುವ ಊರು, ಮನೆ ಟಾರು ರಸ್ತೆಗೇ ಅಂಟಿಕೊಂಡಿತ್ತು. ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದ್ದ ಕಾಲ ಅದು. ಬಾವ ಒಂದು ಕ್ವಾರಿ ಹಿಡಿದ. ದುಡ್ಡು ಬಂತು, ದುಡ್ಡಿನ ಬೆನ್ನಿಗೇ ಕಡುನೀಲಿ ಬಣ್ಣದ ಜರ್ಮನ್ ಕಾರು ಬಂತು. ಅಂಥ ಕಾರು ಇಡೀ ತಾಲ್ಲೂಕಿನಲ್ಲಿ ಇನ್ನೊಂದು ಇರಲಿಲ್ಲ. ಅದು ಹೋದ ಮೇಲೆ ಧೂಳು ಕಾಣುತ್ತಿತ್ತೇ ಹೊರತು ಬರುವಾಗ ಸದ್ದು ಕೇಳುತ್ತಿರಲಿಲ್ಲ.

ಮದುವೆಯ ಮಾತು ಮುಂದುವರಿಸಲು ಹಿರಿಯರು ಸೇರುವುದಿತ್ತು. ಅಪ್ಪನನ್ನು ಕರೆದೊಯ್ಯಲು ಬಾವನೇ ಕಾರು ತಂದ. ನಮ್ಮಲ್ಲಿ ಅರಿಸಿನ ಬೇಯಿಸುವ ದಿನಗಳು. ಅಪ್ಪ ಕೊಪ್ಪರಿಗೆಯ ಬಳಿಯಿಂದ ಎದ್ದು ಹೋಗಿ, ಸ್ನಾನ ಮಾಡಿ, ವಿಭೂತಿ ಹಚ್ಚಿ, ಮಡಿಸಿಟ್ಟಿದ್ದ ಬಿಳಿ ಪಂಚೆ ಉಟ್ಟು ಬಂದರು. ಉಗುರಿನ ಸಂದಿಯ ಹಳದಿ ಮಾತ್ರ ಹೋಗಿರಲಿಲ್ಲ. ಅದು ಆ ಕೆಲಸ ಮಾಡುವವರಿಗೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಬಾವ ಒಮ್ಮೆ ಅಪ್ಪನ ಕೈ ನೋಡಿದ, ಒಮ್ಮೆ ಕೆನೆ ಬಣ್ಣದ ಸೀಟು ನೋಡಿದ. ಡಿಕ್ಕಿ ತೆಗೆದು ಹಳೇ ಪೇಪರು ತಂದು ಸೀಟಿನ ಮೇಲೆ ಹಾಸಿದ. ಒಂದು ಹಾಳೆ ಸಾಲದು ಎಂದು ಒರಗುವ ಜಾಗಕ್ಕೂ ಒಂದು ಸಿಕ್ಕಿಸಿದ. "ಕೂತ್ಕೊಳಿ ಮಾವ, ಕೈ ಮಾತ್ರ ತೊಡೆ ಮೇಲೇ ಮಡಿಕೊಳಿ" ಅಂದ.

ಬೀದಿ ನಕ್ಕಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಪೇಪರಿನ ಮೇಲೆ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಹೋದರು. ಸಾಯಂಕಾಲ ಬಸ್ಸಿನಲ್ಲಿ ಬಂದರು. ಮದುವೆ ಇಲ್ಲವಂತೆ, ಹುಡುಗನಿಗೆ ಮೈಸೂರಿನ ಕಡೆಯಿಂದ ದೊಡ್ಡ ಸಂಬಂಧ ಬಂದಿದೆಯಂತೆ. ಅಷ್ಟು ಹೇಳಿ ಹಿತ್ತಲಿಗೆ ಹೋದ ಅಪ್ಪ ಆಮೇಲೆ ಆ ವಿಷಯ ಎತ್ತಲಿಲ್ಲ. ಅವ್ವ ತನ್ನ ತವರಿನ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದರು. ಅಂದಿನಿಂದ ಯಾರ ಕಾರನ್ನೂ ಹತ್ತಲಿಲ್ಲ, ಬಾಡಿಗೆ ಟ್ಯಾಕ್ಸಿಯನ್ನೂ ಸಹ. ಮದುವೆ ಮುರಿದದ್ದಕ್ಕೆ ನನಗೆ ಒಂದು ಕೂದಲಿನಷ್ಟೂ ದುಃಖವಿರಲಿಲ್ಲ, ಪೀಡೆ ತೊಲಗಿತು ಅಂದುಕೊಂಡೆ. ಆದರೆ ಆ ಪೇಪರು ನನ್ನ ಎದೆಯಲ್ಲಿ ಹಾಗೇ ಕೂತಿತು.

ನನ್ನನ್ನು ಚಾಮರಾಜನಗರಕ್ಕೆ ಕೊಟ್ಟರು. ನನ್ನ ಯಜಮಾನರದು ರೇಷ್ಮೆಗೂಡಿನ ವ್ಯಾಪಾರ. ಒಳ್ಳೆಯ ಮನುಷ್ಯ, ಎಷ್ಟು ಒಳ್ಳೆಯವರೆಂದರೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಬಾರದು. ಅದಕ್ಕೇ ಮನೆಯ ಸಿಟ್ಟನ್ನೆಲ್ಲ ನಾನೇ ನೋಡಿಕೊಳ್ಳುತ್ತಿದ್ದೆ. ಗೂಡು ತರುವ ವ್ಯಾನು ಓಡಿಸುವುದನ್ನು ಕಲಿತೆ, ಲೈಸೆನ್ಸೂ ಮಾಡಿಸಿದೆ. ಸೀರೆ ಉಟ್ಟವಳು ವ್ಯಾನು ಓಡಿಸುವುದನ್ನು ನೋಡಲು ಸಂತೆಯ ದಿನ ಜನ ನಿಲ್ಲುತ್ತಿದ್ದರು. ನಿಂತುಕೊಳ್ಳಲಿ ಎಂದು ಹಾರ್ನ್ ಹೊಡೆದು ಹೋಗುತ್ತಿದ್ದೆ.

ಕೆಲವು ವರ್ಷಕ್ಕೆ ಬಾವನ ಕಲ್ಲಿಗೆ ಶನಿ ಹಿಡಿಯಿತು. ಕರಿಕಲ್ಲಿನಲ್ಲಿ ಒಂದು ಬಿಳಿ ಗೆರೆ ಬಂದರೂ ಹೊರದೇಶದವರು ಮುಟ್ಟುವುದಿಲ್ಲ. ಅವನ ಕ್ವಾರಿಯಲ್ಲಿ ಎಲ್ಲಿ ಕತ್ತರಿಸಿದರೂ ಗೆರೆ. ಕಾರು ಮಾರಾಟಕ್ಕಿದೆ ಎಂದು ದಲ್ಲಾಳಿಯೊಬ್ಬ ಮನೆಯ ಮುಂಭಾಗದಲ್ಲೇ ಇದ್ದ ನಮ್ಮ ಅಂಗಡಿಯಲ್ಲಿ ಕೂತು ಹೇಳಿದ. ಕೊಳ್ಳುವವರಿರಲಿಲ್ಲ. ಪೆಟ್ರೋಲು ನೀರು ಕುಡಿದ ಹಾಗೆ ಕುಡಿಯುತ್ತದೆ, ಒಂದು ಬೋಲ್ಟು ಹೋದರೂ ಊರೂರು ಅಲೆಯಬೇಕು, ಆನೆ ಸಾಕಬಹುದು ಇದನ್ನು ಸಾಕಲಾಗದು ಎನ್ನುತ್ತಿದ್ದರು. ನಾನು ಅಡುಗೆಮನೆಯಿಂದ ಬಂದು ಅದು ನಮಗೆ ಬೇಕು ಅಂದೆ. ಯಜಮಾನರು ನನ್ನ ಮುಖ ನೋಡಿದರು. ಪೇಪರಿನ ಕಥೆ ಅವರಿಗೆ ಗೊತ್ತಿತ್ತು. ದಲ್ಲಾಳಿಯ ಹೆಸರಿನಲ್ಲೇ ವ್ಯವಹಾರ ಮುಗಿಸಿದೆವು. ಯಾರು ಕೊಂಡದ್ದೆಂದು ಬಾವನಿಗೆ ತಿಳಿದದ್ದು, ನಾನು ಅದನ್ನು ಅವನ ಮನೆಯ ಮುಂದೆ ಓಡಿಸಿಕೊಂಡು ಹೋದ ದಿನವೇ.

ಆ ಕಾರಿನಲ್ಲಿ ಕೂತು ಆಕ್ಸಿಲರೇಟರ್ ತುಳಿದವರಿಗೆ ಗೊತ್ತು, ಬೆನ್ನು ಸೀಟಿಗೆ ಅಂಟಿ, ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಗುತ್ತದೆ. ಇಷ್ಟು ಸುಖವನ್ನು ಆ ಮುಂಡೇಮಗ ಇಷ್ಟು ದಿನ ಒಬ್ಬನೇ ಅನುಭವಿಸಿದನಲ್ಲ ಎಂದು ಅದಕ್ಕೂ ಸಿಟ್ಟು ಬಂತು. ಸುಖವೇನೋ ಸರಿ, ರಿಪೇರಿ ಶುರುವಾಯಿತು. ಚಾಮರಾಜನಗರದ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ ನೋಡಿ ಕೈ ಮುಗಿದು ಮುಚ್ಚುತ್ತಿದ್ದರು. ಕೊನೆಗೆ ಗುಂಡ್ಲುಪೇಟೆಯಲ್ಲಿ ಗಲ್ಫಿನಿಂದ ವಾಪಸಾದ ಮಲಯಾಳಿಯೊಬ್ಬ ಸಿಕ್ಕಿದ. ದುಬಾರಿ ಮನುಷ್ಯ, ಬಾಯಿಬಡುಕ. ಒಂದು ಸಾಮಾನು ಹಾಕಿದರೆ ಇನ್ನೊಂದು ಹೋಗುವಂತೆ ನೋಡಿಕೊಳ್ಳುತ್ತಾನೆ ಎಂದು ನನಗೆ ಗುಮಾನಿ. ಜಗಳವಾಡುತ್ತಲೇ ಅವನಲ್ಲಿಗೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ರಿಪೇರಿ ಬಂದರೆ ನನಗೆ ಹಬ್ಬ. ಗುಂಡ್ಲುಪೇಟೆಗೆ ಹೋಗಬೇಕಾದರೆ ಬಾವನ ಮನೆಯ ಮುಂದೆಯೇ ಹೋಗಬೇಕಿತ್ತು.

ಅವರ ಊರು ಬರುತ್ತಿದ್ದಂತೆ ಗಾಜು ಇಳಿಸಿ, ಉದ್ದಕ್ಕೆ ಹಾರ್ನ್ ಒತ್ತುತ್ತಿದ್ದೆ. ಬಾವ ಜಗಲಿಯಲ್ಲಿ ಕೂತಿದ್ದರೆ ಎದ್ದು ಒಳಗೆ ಹೋಗುತ್ತಿದ್ದ. ಒಂದು ದಿನವೂ ಕತ್ತೆತ್ತಿ ನೋಡಲಿಲ್ಲ. ನನಗೆ ಅದೇ ಸಂಕಟ. ಇಷ್ಟೆಲ್ಲ ಮಾಡಿದ್ದು ಅವನು ನೋಡಲಿ, ನೋಡಿ ಬೇಯಲಿ ಎಂದು. ನೋಡದವನನ್ನು ಹೇಗೆ ಬೇಯಿಸುವುದು? ಹರವೆಗೂ ಕಾರು ತಂದು ಅಪ್ಪನನ್ನು ಹತ್ತಿ ಎಂದು ಗೋಗರೆದೆ. ಅವರು ಹತ್ತಲಿಲ್ಲ. ಬಸ್ಸು ಬರುತ್ತದೆ ಬಿಡು ಎಂದು ಹೊಲದ ಕಡೆ ನಡೆದರು. ಆ ಕಾರಿನಿಂದ ಅಪ್ಪನಿಗೆ ಏನೂ ದಕ್ಕಿರಲಿಲ್ಲ.

ಹೀಗಿರುವಾಗ ಹಂಗಳದಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಬಾವನ ತಾಯಿ, ನನ್ನ ಅತ್ತೆ, ನನ್ನ ಪಕ್ಕಕ್ಕೇ ಬಂದು ಕೂತಳು. ಮುಖ ತಿರುಗಿಸಿಕೊಳ್ಳಬೇಕು ಅನ್ನುವಷ್ಟರಲ್ಲಿ ನನ್ನ ಗಲ್ಲ ಹಿಡಿದು, ಎಲೆಯ ಮುಂದೆ ಕೂತವರಿಗೆಲ್ಲ ಕೇಳುವಂತೆ ಹೊಗಳಿದಳು.

"ನಿನ್ ಕಾರು ಬತ್ತದೆ ಅಂತಲೇ ನಾವು ಹುರುಳಿ ರೋಡ್‌ಗೆ ಹರವೋದು ಕಣಮ್ಮಿ. ಹಾರ್ನ್ ಕೇಳ್ದೇಟ್ಗೆ ಇನ್ನೊಂದು ಹೊರೆ ಸುರೀತೀನಿ. ಓಗ್ತಾ ಒಂದ್ಸಲ, ಬರ್ತಾ ಒಂದ್ಸಲ. ಒಕ್ಕೋಕೆ ಎತ್ತೂ ಬ್ಯಾಡ, ಕಲ್ಗುಂಡೂ ಬ್ಯಾಡ."

ನಮ್ಮ ಸೀಮೆಯಲ್ಲಿ ಹುರುಳಿ ಕಿತ್ತ ಮೇಲೆ ಗಿಡವನ್ನು ಟಾರು ರಸ್ತೆಗೆ ಹರವುತ್ತಾರೆ. ಲಾರಿ, ಬಸ್ಸು ಹಾದು ಕಾಳು ಉದುರುತ್ತದೆ, ಸಂಜೆಗೆ ಗುಡಿಸಿಕೊಳ್ಳುತ್ತಾರೆ. ಅದು ಎಲ್ಲರೂ ಮಾಡುವುದೇ. ಆದರೆ ನನ್ನ ಸೇಡು ಇಷ್ಟು ದಿನ ಅವರ ಹುರುಳಿ ಒಕ್ಕುತ್ತಿತ್ತು ಅನ್ನುವುದನ್ನು ಕೇಳಿ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಪೆಟ್ರೋಲು ನನ್ನದು, ಟೈರು ನನ್ನದು, ಕಾಳು ಅವರದು. ಯಜಮಾನರು ಮನೆಗೆ ಬಂದು ಬಾಗಿಲು ಹಾಕಿಕೊಂಡು ನಕ್ಕರು. ನಾನು ಎರಡು ದಿನ ಅವರೊಡನೆ ಮಾತಾಡಲಿಲ್ಲ.

ಆ ಕಾರಿನ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಹುಲ್ಲಿನ ಮೇಲೆ ಓಡಿಸಬೇಡ ಚೇಚಿ ಎಂದು, ಚೇಚಿ ಅಂದರೆ ಅವರಲ್ಲಿ ಅಕ್ಕ, ಮಲಯಾಳಿ ಹೇಳುತ್ತಲೇ ಇದ್ದ. ಅವನು ಏನು ಹೇಳಿದರೂ ದುಡ್ಡು ಕೀಳಲು ಹೇಳುತ್ತಾನೆ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮುಂದಿನ ಸಲ ಹೋಗುವಾಗ ಬೇಕೆಂದೇ ಹಾರ್ನ್ ಹೊಡೆಯಲಿಲ್ಲ. ಅವರು ಎಚ್ಚೆತ್ತುಕೊಳ್ಳುವುದರೊಳಗೆ ಹಾರಿಹೋಗಬೇಕೆಂದು ಜೋರಾಗಿಯೇ ಬಂದೆ. ಅತ್ತೆ ಆ ದಿನ ಇಡೀ ಹೊಲವನ್ನೇ ತಂದು ರಸ್ತೆಗೆ ಹಾಕಿದ್ದಳು, ಮೊಣಕಾಲೆತ್ತರ. ಕಾರು ಅದರೊಳಗೆ ನುಗ್ಗಿ, ಮುಲುಕಿ, ಸರಿಯಾಗಿ ಅವರ ಜಗಲಿಯ ಎದುರಿಗೇ ನಿಂತಿತು. ಹುರುಳಿ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡಿತ್ತು. ಕಾದ ಸೈಲೆನ್ಸರ್ ಕೊಳವೆಗೆ ಒಣ ಸೊಪ್ಪು ತಾಗಿ ಹೊಗೆ ಎದ್ದಿತು, ಹಿಂದೆಯೇ ಬೆಂಕಿ.

ನಾನು ಇಳಿದು ಓಡಿದೆ. ಬಾವ ಒಳಗಿನಿಂದ ಓಡಿ ಬಂದ. ನನ್ನ ಕಡೆಗಲ್ಲ, ಕಾರಿನ ಕಡೆಗೆ. ಅತ್ತೆ ಹುರುಳಿ ಹುರುಳಿ ಎಂದು ಬಾಯಿ ಬಡಿದುಕೊಳ್ಳುತ್ತಿದ್ದಳು. ಅವನು ಕೊಡಪಾನದ ನೀರನ್ನು ಎರಚಿ, ರಸ್ತೆಯ ಮೇಲೆ ಅಂಗಾತ ಮಲಗಿ, ಉರಿಯುತ್ತಿದ್ದ ಸೊಪ್ಪನ್ನು ಬರಿಗೈಯಲ್ಲೇ ಕಿತ್ತು ಎಳೆದ. ಊರವರು ಮಣ್ಣು ಎರಚಿದರು. ಬೆಂಕಿ ಆರಿತು. ಅಡಿಯ ರಬ್ಬರು, ವೈರುಗಳು ಸುಟ್ಟಿದ್ದವು, ಮೈಗೆ ಮಸಿ ಹಿಡಿದಿತ್ತು, ಅಷ್ಟೆ. ಬಾವ ಹೆಗಲ ಟವೆಲಿನಿಂದ ಬಾನೆಟ್ ಒರೆಸಿದ. ಒರೆಸಿದ ಮೇಲೂ ಕೈ ತೆಗೆಯಲಿಲ್ಲ, ಹಸುವಿನ ಮೈ ಸವರುವ ಹಾಗೆ ಸವರುತ್ತ ನಿಂತ. ಆಮೇಲೆ ಮೊದಲ ಸಲ ಕತ್ತೆತ್ತಿ ನನ್ನನ್ನು ನೋಡಿದ.

"ಇದ್ನ ನಂಗೇ ವಾಪಸ್ ಕೊಟ್ಬುಡು ಕಣಮ್ಮಿ" ಅಂದ. "ಮಾರ್ದಾಗಿಂದ ಅನ್ನ ಸೇರ್ತಿಲ್ಲ. ನೀನು ಹಾರ್ನ್ ಹೊಡ್ದಾಗೆಲ್ಲ ಒಳಗೋಗಿ ಕಿವಿ ಮುಚ್ಕೊಂಡು ಕೂರ್ತಿದ್ದೆ."

ಅಬ್ಬಾ, ಅದನ್ನು ಕೇಳಿ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಇಷ್ಟು ದಿನ ಅವನು ಬೇಯುತ್ತಲೇ ಇದ್ದ. ನನಗೆ ಗೊತ್ತಿರಲಿಲ್ಲ, ಅಷ್ಟೆ. ಹೊಸ ಕ್ವಾರಿ ಕೈಗೆ ಬಂದಿದೆ, ಕೇಳಿದಷ್ಟು ಕೊಡುತ್ತೇನೆ ಎಂದೂ ಹೇಳಿದ. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಒಂದು ಗಳಿಗೆ ನನಗೂ ಅಯ್ಯೋ ಅನಿಸಿತು, ಸುಳ್ಳು ಹೇಳುವುದಿಲ್ಲ. ಅಪ್ಪನ ಬಗ್ಗೆ ಒಂದು ಮಾತು ಆಡಿದರೆ ಕೊಟ್ಟುಬಿಡೋಣ ಅಂದುಕೊಂಡೆ. ಅದಕ್ಕೇ ಕೇಳಿದೆ.

"ನಮ್ಮಪ್ಪನ್ನ ಇದ್ರಲ್ಲಿ ಪೇಪರ್ ಮೇಲೆ ಕೂರಿಸ್ಕೊಂಡು ಹೋಗಿದ್ದು ಗ್ಯಾಪ್ಕ ಅದಾ ಬಾವ?"

"ಯಾವಾಗ?" ಅಂದ.

ನಾಟಕವಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಹೊರಟು ಹುಬ್ಬು ಗಂಟಿಕ್ಕಿದ. ನಮ್ಮಪ್ಪ ಒಂದು ಮಾತೂ ಆಡದೆ ವರ್ಷಗಟ್ಟಲೆ ನುಂಗಿಕೊಂಡಿದ್ದನ್ನು ಇವನು ಅಂದೇ ಮರೆತಿದ್ದ. ನನ್ನೊಳಗಿನ ಅಯ್ಯೋ ಅಲ್ಲೇ ಸತ್ತಿತು. ಆಗಲಿ, ಗುಂಡ್ಲುಪೇಟೆಯ ವರ್ಕ್‌ಶಾಪಿಗೆ ಒಯ್ಯುತ್ತೇನೆ, ಹೇಳಿ ಕಳಿಸುತ್ತೇನೆ, ಬಾ ಅಂದೆ. ಅವನ ಮುಖ ಅರಳಿತು.

ಯಜಮಾನರನ್ನು ಕರೆಸಿಕೊಂಡು, ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಹೋದೆವು. ಮಲಯಾಳಿ ಸುತ್ತ ನೋಡಿ, ಸರಿಮಾಡಬಹುದು ಎಂದ. ಸರಿಮಾಡುವುದು ಬೇಡ, ಬಿಚ್ಚು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಒಂದು ಸ್ಕ್ರೂ ಇನ್ನೊಂದರ ಜೊತೆ ಇರಬಾರದು, ಎಲ್ಲಾ ನೀನೇ ಇಟ್ಟುಕೋ, ಬೇಕಾದವರಿಗೆ ಮಾರಿಕೋ, ಆದರೆ ಬಾವನಿಗೆ ಮಾತ್ರ ಇಡಿಯಾಗಿ ಸಿಗಬಾರದು ಎಂದು ಬಿಡಿಸಿ ಹೇಳಿದೆ. ಚೇಚಿಗೆ ತಲೆ ಕೆಟ್ಟಿದೆ ಎಂದು ಗೊಣಗುತ್ತ, ಜನ್ಮದಲ್ಲೇ ಸಿಗದಂಥ ಲಾಭಕ್ಕೆ ಒಳಗೊಳಗೇ ಹಿಗ್ಗುತ್ತ ಸ್ಪ್ಯಾನರ್ ಎತ್ತಿಕೊಂಡ. ಯಜಮಾನರು ಒಂದೇ ಒಂದು ಸಲ ಯೋಚನೆ ಮಾಡು ಅಂದರು. ಮಾಡಿದ್ದೇನೆ ಅಂದೆ. ಅವರು ಟೀ ಕುಡಿಯಲು ಹೋದರು.

ಹೇಳಿ ಕಳಿಸಿದ ದಿನ ಬಾವ ಇಸ್ತ್ರಿ ಅಂಗಿ ಹಾಕಿ, ಕೈಗೆ ಬ್ಯಾಂಡೇಜು ಸುತ್ತಿಕೊಂಡು, ಕಾರಿನ ಪೂಜೆಗೆಂದು ಹೂವಿನ ಹಾರ ಹಿಡಿದು ಬಂದ. ವರ್ಕ್‌ಶಾಪಿನ ಅಂಗಳದಲ್ಲಿ ನಾಲ್ಕೂ ಬಾಗಿಲು ಗೋಡೆಗೆ ಒರಗಿದ್ದವು. ಇಂಜಿನ್ ಸರಪಳಿಯಲ್ಲಿ ನೇತಾಡುತ್ತಿತ್ತು. ಸೀಟುಗಳು ಕಲ್ಲಿನ ಬೆಂಚಿನ ಮೇಲೆ. ಅವನು ಒಂದೊಂದನ್ನೂ ನೋಡುತ್ತ ಬಂದು, ನಡುವೆ ಬರೀ ಚೌಕಟ್ಟು ನಿಂತಿದ್ದ ಕಡೆ ನಿಂತ. ಹಾರವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಯಾವುದು ಬೇಕೋ ಆರಿಸ್ಕೊ ಬಾವ" ಅಂದೆ.

ಅವನ ಕಣ್ಣು ತುಂಬಿತು, ತೋಳಿನಿಂದ ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ನಾನು ಅಲ್ಲಿಂದಲೇ ಹರವೆಯ ಬಸ್ಸು ಹಿಡಿದೆ. ಅಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ದಾರಿಯುದ್ದಕ್ಕೂ ನನಗೆ ಭಯವೇ ಇತ್ತು. ಇದೆಲ್ಲ ಯಾಕೆ ಬೇಕಿತ್ತು, ಹೋಗಲಿ ಬಿಡಬಾರದಿತ್ತೆ ಅನ್ನುತ್ತಾರೆ, ಅಷ್ಟು ಸಾಧು ಮನುಷ್ಯ. ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಎಲೆ ಜಗಿಯುವುದನ್ನು ನಿಲ್ಲಿಸಿ, ಎದ್ದು ಹೋಗಿ ಉಗಿದು ಬಂದು, ನನಗೆ ಹತ್ತಿರವಾಗಿ ಕೂತರು.

"ಅತ್ನಾ?" ಎಂದು ಕೇಳಿದರು.

"ಕಣ್ಣಲ್ಲಿ ನೀರು ಬಂತಪ್ಪ."

"ಇನ್ನೊಂದ್ಸಲ ಹೇಳವ್ವ, ಮೊದ್ಲಿಂದ ಹೇಳು."

ಮೊದಲಿಂದ ಹೇಳಿದೆ. ಅಪ್ಪ ತೊಡೆ ತಟ್ಟಿಕೊಂಡು, ಕೆಮ್ಮು ಬರುವವರೆಗೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಅವ್ವ ಒಳಗಿನಿಂದ ಬಂದಳು, ತನ್ನ ಅಣ್ಣನ ಮಗನ ಕಥೆಯೆಂದು ತಿಳಿದೂ ಅಡ್ಡಿ ಮಾಡದೆ ಕಂಬಕ್ಕೆ ಒರಗಿ ನಿಂತಳು. ಅವಳಿಗಾಗಿ ಮತ್ತೆ ಹೇಳಬೇಕಾಯಿತು. ಆ ಸಲ ಬಾವ ನೆಲದ ಮೇಲೆ ಕುಕ್ಕರಿಸಿ, ಗೋಳೋ ಎಂದು ಅತ್ತನೆಂದು ನಾನೇ ಸೇರಿಸಿದೆ. ಅಪ್ಪ ಅದನ್ನೂ ನಂಬಿದರು.