ನಾಟಕದ ಬಾಗಿಲಲ್ಲಿ ಸಿಕ್ಕ ಅಕ್ಕ

“ಒಬ್ರೇ ಬಂದೀರೇನ್ರೀ? ಜೊತೆಗೆ ಯಾರೂ ಇಲ್ವಾ?” ನಾಟಕ ಕಂಪನಿಯ ಟೆಂಟಿನ ಬಾಗಿಲು ಕಾಯುವವನು ಎಲ್ಲರೆದುರು ಹೀಗೆ ಕೇಳಿದಾಗ ನನ್ನ ಮುಖ ಬಿಸಿಯಾಯಿತು.

ಐವತ್ತರ ದಶಕದ ಕೊನೆಯ ಮಾತು. ಹೆಂಗಸರು ಒಂಟಿಯಾಗಿ ನಾಟಕಕ್ಕೆ ಹೋಗುತ್ತಿರಲಿಲ್ಲ. ಆನವಟ್ಟಿಯ ಶಾಲೆಗೆ ಟೀಚರಾಗಿ ಬಂದಿದ್ದ ನನಗೆ ಆ ಊರಲ್ಲಿ ಯಾರೂ ಇರಲಿಲ್ಲ. ‘ಮುಂದಿನ ನಾಟಕಗಳು’ ಎಂಬ ಹಲಗೆಯನ್ನು ದಿನಾ ಓದಿ ಓದಿ, ಆ ಭಾನುವಾರ ಧೈರ್ಯ ಮಾಡಿದ್ದೆ. ಹಿಂದೆ ನಿಂತಿದ್ದ ನಡುವಯಸ್ಸಿನ ಹೆಂಗಸೊಬ್ಬರು ನನ್ನ ಕೈ ಹಿಡಿದು, “ನನ್ ತಂಗಿ ಕಣಪ್ಪಾ, ಬಿಡು” ಎಂದರು.

ಹೆಂಗಸರ ಚಾಪೆಯ ಮೇಲೆ ಕೂತಾಗ, ಅವರ ಮನೆಯ ಹೆಂಗಸರು ಯಾರಾದರೂ ಬರಬಹುದೆಂದು ನಾನು ಸರಿದು ಜಾಗ ಬಿಟ್ಟೆ. “ಯಾರೂ ಬರಲ್ಲ, ಕೂತ್ಕಳ್ರೀ. ನಾನೂ ಒಬ್ಳೇ ಬಂದು ಎರಡು ಸಲ ಈ ಬಾಗಿಲಿಂದ್ಲೇ ವಾಪಸ್ ಹೋದೋಳು” ಎಂದು ನಕ್ಕರು. ನಾಟಕ ಮುಗಿದ ಮೇಲೆ ಹಲಗೆಯ ಮುಂದೆ ನಿಂತು, ಮುಂದಿನ ಭಾನುವಾರದ ನಾಟಕಕ್ಕೂ ಬರೋಣವೆಂದು ಮಾತಾಡಿಕೊಂಡೆವು.

ಮುಂದಿನ ಭಾನುವಾರ ಟೆಂಟಿನೊಳಗೆ ಹಾರ್ಮೋನಿಯಂ ಶುರುವಾದರೂ ಅವರು ಬರಲಿಲ್ಲ. ಬಾಗಿಲು ಕಾಯುವವನು ಈ ಸಲ ಮರ್ಯಾದೆಯಿಂದಲೇ, “ನಿಮ್ಮ ಅಕ್ಕಾರು ಎಲ್ರೀ?” ಎಂದ. “ಬರ್ತಾರೆ” ಎಂದು ಹೇಳಿ ನಿಂತೇ ಇದ್ದೆ. ಮತ್ತೆಂದೂ ಸಿಗದ ಆ ಅಕ್ಕನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.